ಹಠವೂ ನಿಷ್ಠೆಯೂ

ಲೋಕವ್ಯವಹಾರದಲ್ಲಿ ಹಠ, ನಿಷ್ಠೆ ಎಂಬೆರಡು ಶಬ್ದಗಳು ಒಂದರ ಉಡುಪನ್ನು ಇನ್ನೊಂದು ತೊಟ್ಟುಕೊಂಡು ತಿರುಗುತ್ತಿರುತ್ತವೆ. ಹಿಡಿದುದನ್ನು ಬಿಡದವನನ್ನು ಕಂಡು ಜನರು ಒಮ್ಮೆ ಹಠಮಾರಿಯೆನ್ನುತ್ತಾರೆ, ಇನ್ನೊಮ್ಮೆ ನಿಷ್ಠಾವಂತನೆನ್ನುತ್ತಾರೆ. ಕಾರ್ಯ ಗೆದ್ದರೆ ನಿಷ್ಠೆ, ಕೆಟ್ಟರೆ ಹಠ ಎಂಬುದೇ ಸಾಮಾನ್ಯ ವಿಭಾಗವಾಗಿಬಿಟ್ಟಿದೆ. ಇದು ಫಲವನ್ನು ನೋಡಿ ಹೆಸರಿಡುವ ಪದ್ಧತಿಯೇ ಹೊರತು ಶೀಲವನ್ನು ನೋಡಿ ಇಡುವುದಲ್ಲ. ಶಬ್ದಗಳ ಮೂಲವನ್ನು ವಿಚಾರಿಸಿದರೆ ಬೇರೊಂದು ಅರ್ಥ ಹೊಳೆಯುತ್ತದೆ. ಹಠವೆಂದರೆ ಬಲಾತ್ಕಾರ. ನಿಷ್ಠೆಯಾದರೋ 'ಸ್ಥಾ' ಎಂಬ ಧಾತುವಿನಿಂದ ಬಂದುದು. ನಿಲ್ಲುವುದು, ನೆಲೆಗೊಳ್ಳುವುದು ಎಂದು ಅದರ ಮೂಲಾರ್ಥ. ನಿರೋಗಿಯನ್ನು 'ಸ್ವಸ್ಥ'ನೆಂದು ಕರೆಯುವಲ್ಲಿಯೂ ಇದೇ ಧಾತುವಿದೆ: ತನ್ನಲ್ಲಿ ತಾನು ನಿಂತವನೇ ಸ್ವಸ್ಥನು.

ಇದು ವೈಯಾಕರಣರ ವಿನೋದಕ್ಕಾಗಿ ಎತ್ತಿದ ಮಾತಲ್ಲ. ನಿಲ್ಲುವುದನ್ನೇ ಮೂಲಾರ್ಥವಾಗಿ ಪಡೆದ ನಿಷ್ಠೆಯು, ನಿಜವಾಗಿಯೂ ನಿಲ್ಲಬೇಕಾಗಿ ಬಂದಾಗ ಏನು ಮಾಡಬೇಕು? ನೇಮ ಹಿಡಿದವರಿಗೆ ದೇಹವು 'ಇನ್ನು ಸಾಕು' ಎಂದಾಗ ನೇಮವನ್ನು ಕಾಯಬೇಕೋ ದೇಹವನ್ನು ಕಾಯಬೇಕೋ? ಕಾಯಕವೆಂಬ ಶಬ್ದದ ಹೊಟ್ಟೆಯಲ್ಲಿಯೇ ಕಾಯವಿರುವುದರಿಂದ, ಶರಣರ ನುಡಿಗಳನ್ನು ಓದಿ ಬಾಳುವ ಗೃಹಸ್ಥರು ಈ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸುವಂತಿಲ್ಲ.

ಉದಾಹರಣೆಗೆಂದು, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಕನ್ನಡ ಎಂ.ಎ. ಓದುತ್ತಿರುವ ನಲವತ್ತಮೂರು ವಯಸ್ಸಿನ ಗೃಹಿಣಿಯೊಬ್ಬಳನ್ನು ಭಾವಿಸಿಕೊಳ್ಳಬಹುದು. ಇಂಥವರು ಈಗ ಅಪರೂಪವಲ್ಲ. ಇಪ್ಪತ್ತೊಂದಕ್ಕೆ ಬಿ.ಎ. ಮುಗಿಸಿ, ಮದುವೆಯಾಗಿ, ಮಕ್ಕಳ ಓದು ಒಂದು ದಡ ಕಂಡ ಮೇಲೆ ತನ್ನ ಓದಿನ ಎಳೆಯನ್ನು ಮತ್ತೆ ಕೈಗೆತ್ತಿಕೊಂಡವಳು. ಮನೆ ಹುಬ್ಬಳ್ಳಿಯ ನವನಗರದಲ್ಲಿ. ಬೆಳಗಿನ ಐದಕ್ಕೆ ಎದ್ದು ಬಡಾವಣೆಯ ರಸ್ತೆಗಳಲ್ಲಿ ನಾಲ್ಕೈದು ಕಿಲೋಮೀಟರು ಓಡಿ ಬರುವುದು ಆಕೆಯ ಅಭ್ಯಾಸ. ಅನಂತರ ಅಡಿಗೆ, ಪೂಜೆ, ಮನೆಯವರ ಡಬ್ಬಿ; ಆಮೇಲೆ ಬಸ್ಸು, ತರಗತಿ. ಓಟದ ಅರ್ಧ ಗಂಟೆ ಮತ್ತು ತರಗತಿಯ ನಾಲ್ಕು ಗಂಟೆ. ದಿನದ ಇಪ್ಪತ್ತುನಾಲ್ಕು ಗಂಟೆಗಳಲ್ಲಿ ಆಕೆಯು ಯಾರ ಹೆಂಡತಿ, ಯಾರ ತಾಯಿ, ಯಾರ ಸೊಸೆ ಎಂಬ ಲೆಕ್ಕಕ್ಕೆ ಸೇರದ ಹೊತ್ತು ಇವಿಷ್ಟೇ. ಇದನ್ನು ನೆನಪಿನಲ್ಲಿಟ್ಟರೆ ಮುಂದಿನದು ತಿಳಿಯುತ್ತದೆ.

ಒಂದು ತಿಂಗಳಲ್ಲಿ ಆಕೆ ಐದು ಕಿಲೋಮೀಟರನ್ನು ಹತ್ತಕ್ಕೆ ಏರಿಸಿದಳು. ಪರೀಕ್ಷೆಯ ದಿನಗಳು, ರಾತ್ರಿ ಹನ್ನೆರಡರವರೆಗೆ ಓದು, ಐದಕ್ಕೆ ಏಳುವುದು. ಒಂದು ಬೆಳಗ್ಗೆ ಹಾಸಿಗೆಯಿಂದಿಳಿದು ನೆಲಕ್ಕೆ ಕಾಲಿಟ್ಟಾಗ ಹಿಮ್ಮಡಿಯ ಮೇಲೆ ಚಳುಕು. ನಾಲ್ಕು ಹೆಜ್ಜೆ ಕುಂಟಿದ ಮೇಲೆ ಕಾಲು ಸಡಿಲವಾಯಿತು. ಓಡತೊಡಗಿದ ಹತ್ತು ನಿಮಿಷದಲ್ಲಿ ನೋವು ಮಾಯವಾಯಿತು. ಈ ವ್ಯಾಧಿಯ ವಂಚನೆ ಇಲ್ಲಿಯೇ ಇದೆ. ಬಿಸಿಯೇರಿದಾಗ ಅಡಗುವುದು, ತಣಿದಾಗ ಮರಳುವುದು ಅದರ ಸ್ವಭಾವ. ಓಡಿದರೆ ಕಡಿಮೆಯಾಗುತ್ತದೆಂದು ನಂಬಿ ಓಡಿದವರು, ಆರು ವಾರಗಳ ಅನಂತರ ಗ್ರಂಥಾಲಯದ ಮೆಟ್ಟಿಲಿನ ಮುಂದೆ ಕಂಬಿ ಹಿಡಿದು ನಿಲ್ಲುತ್ತಾರೆ. ಆಕೆಯೂ ಹಾಗೆಯೇ ನಿಂತಳು. ಅಂದು ಆಕೆಯನ್ನು ಅಲ್ಲಿಯವರೆಗೆ ಹೊತ್ತು ತಂದದ್ದು 2018ರಿಂದ ಹುಬ್ಬಳ್ಳಿ-ಧಾರವಾಡಗಳ ನಡುವೆ ಓಡಾಡತೊಡಗಿದ 'ಚಿಗರಿ' ಬಸ್ಸು. ಚಿಗರಿಯ ಹೆಸರು ಹೊತ್ತ ಬಸ್ಸಿನಿಂದ ಕುಂಟುತ್ತ ಇಳಿಯುವವರಿಗೆ ಆ ಹೆಸರು ಸ್ವಲ್ಪ ಹಾಸ್ಯದಂತೆಯೇ ಕೇಳಿಸಬೇಕು.

ನೊಂದ ಭಾಗವನ್ನು ಜನರು 'ಹಿಮ್ಮಡಿಯ ನರ'ವೆನ್ನುತ್ತಾರೆ. ಅದು ನರವಲ್ಲ, ಮೀನಖಂಡದ ಸ್ನಾಯುಗಳನ್ನು ಹಿಮ್ಮಡಿಯ ಎಲುಬಿಗೆ ಕಟ್ಟಿದ ರಜ್ಜು. ಪಾಶ್ಚಾತ್ಯರು ಗ್ರೀಕ್ ವೀರನಾದ ಅಕಿಲೀಸನ ಹೆಸರಿನಿಂದ ಅದನ್ನು ಕರೆಯುತ್ತಾರೆ. ದೇಹದಲ್ಲಿರುವ ರಜ್ಜುಗಳಲ್ಲೆಲ್ಲ ಇದೇ ಬಲವತ್ತರವಾದುದು. ಓಡುವಾಗ ಪ್ರತಿಯೊಂದು ಹೆಜ್ಜೆಗೂ ದೇಹದ ತೂಕದ ಆರೇಳು ಪಟ್ಟು ಎಳೆತವನ್ನು ತಾಳುತ್ತದೆ. ಆದರೆ ಮಾಂಸದಲ್ಲಿ ಹರಿಯುವಷ್ಟು ರಕ್ತ ಇದರಲ್ಲಿ ಹರಿಯುವುದಿಲ್ಲ. ಆದುದರಿಂದ ಇದು ಬೇಗ ಕೆಡುವುದೂ ಇಲ್ಲ, ಕೆಟ್ಟರೆ ಬೇಗ ಮಾಗುವುದೂ ಇಲ್ಲ. (ಕೆಮ್ಮು ಜ್ವರಗಳಿಗೆ ವೈದ್ಯರನ್ನು ಕೇಳದೆ ಅಂಗಡಿಯಿಂದ ಸಿಪ್ರೋಫ್ಲಾಕ್ಸಸಿನ್ ಗುಳಿಗೆ ತಂದು ನುಂಗುವವರು ಒಂದು ಮಾತನ್ನು ತಿಳಿದಿರಬೇಕು: ಆ ಜಾತಿಯ ಔಷಧಗಳು ಕೆಲವರಲ್ಲಿ ಇದೇ ರಜ್ಜುವನ್ನು ಕೆಡಿಸಿ ಹರಿಯುವಂತೆ ಮಾಡಬಲ್ಲವು, ಅಮೆರಿಕದ ಔಷಧನಿಯಂತ್ರಕರು 2008ರಲ್ಲಿಯೇ ಈ ಬಗ್ಗೆ ಕಟ್ಟೆಚ್ಚರ ಕೊಟ್ಟಿದ್ದಾರೆ.)

ಈ ರಜ್ಜುವಿನ ವಿಷಯವಾಗಿ ಡೆನ್ಮಾರ್ಕಿನ ವಿಜ್ಞಾನಿಗಳು 2013ರಲ್ಲಿ ಪ್ರಕಟಿಸಿದ ಸಂಗತಿಯೊಂದು ಪ್ರೌಢವಯಸ್ಸಿನ ವಿದ್ಯಾರ್ಥಿಗಳೆಲ್ಲ ಮನನ ಮಾಡತಕ್ಕದ್ದು. 1955ರಿಂದ 1963ರವರೆಗೆ ರಾಷ್ಟ್ರಗಳು ಬಯಲಿನಲ್ಲಿ ಅಣುಬಾಂಬುಗಳನ್ನು ಸಿಡಿಸಿ ಪರೀಕ್ಷಿಸಿದ್ದರಿಂದ ಗಾಳಿಯಲ್ಲಿ ಒಂದು ಬಗೆಯ ವಿಕಿರಣಶೀಲ ಇಂಗಾಲವು ಹೆಚ್ಚಿತು. ಆಮೇಲೆ ವರ್ಷವರ್ಷಕ್ಕೆ ಇಳಿಯುತ್ತ ಬಂದಿತು. ಗಾಳಿಯಿಂದ ಸಸ್ಯಕ್ಕೆ, ಸಸ್ಯದಿಂದ ಅನ್ನಕ್ಕೆ, ಅನ್ನದಿಂದ ದೇಹಕ್ಕೆ ಬಂದ ಆ ಇಂಗಾಲದ ಪ್ರಮಾಣವನ್ನು ಅಳೆದರೆ ದೇಹದ ಯಾವ ಭಾಗ ಯಾವ ಕಾಲದಲ್ಲಿ ಕಟ್ಟಲ್ಪಟ್ಟಿತೆಂದು ಹೇಳಬಹುದು. ಹೀಗೆ ಅಳೆದು ನೋಡಿದಾಗ, ಹಿಮ್ಮಡಿಯ ರಜ್ಜುವಿನ ತಿರುಳು ಬಾಳಿನ ಮೊದಲ ಹದಿನೇಳು ವರ್ಷಗಳಲ್ಲಿ ನಿರ್ಮಾಣವಾಗಿ, ಅನಂತರ ಹೆಚ್ಚುಕಡಿಮೆ ಹೊಸತಾಗುವುದೇ ಇಲ್ಲವೆಂದು ಕಂಡುಬಂದಿತು. ಎಂದರೆ ನಲವತ್ತಮೂರರ ಈ ಗೃಹಿಣಿ ಪ್ರತಿದಿನ ಓಡುತ್ತಿರುವುದು ಲಂಗ ತೊಟ್ಟು ಶಾಲೆಗೆ ಹೋಗುತ್ತಿದ್ದ ದಿನಗಳಲ್ಲಿ ದೇಹವು ಹೊಸೆದುಕೊಟ್ಟ ಹಗ್ಗದ ಮೇಲೆ. ಬುದ್ಧಿಗೆ ಹೊಸ ಶಾಸ್ತ್ರವನ್ನು ಕಲಿಸಬಹುದು. ಆ ಹಗ್ಗವನ್ನು ಹೊಸದಾಗಿ ಹೊಸೆಯಲು ಬಾರದು. ಭಾರ ಹೊರುವ ಶಕ್ತಿಯನ್ನು ಮಾತ್ರ ಸಾವಕಾಶವಾಗಿ ಹೆಚ್ಚಿಸಿಕೊಳ್ಳಬಹುದು. ಸಂಕಲ್ಪದ ವೇಗಕ್ಕೂ ಶರೀರದ ವೇಗಕ್ಕೂ ಇರುವ ಈ ಅಂತರವನ್ನು ಒಪ್ಪದೆ ಹೋಗುವುದೇ ಹಠದ ಮೊದಲ ಲಕ್ಷಣ.

ಪ್ರಾಚೀನ ವೈದ್ಯರು ಇದನ್ನು ಅರಿಯದವರಲ್ಲ. ವ್ಯಾಯಾಮವನ್ನು ಅರ್ಧಶಕ್ತಿಯಿಂದ ಮಾಡಬೇಕೆಂದು ವಾಗ್ಭಟನು ಅಷ್ಟಾಂಗಹೃದಯದಲ್ಲಿ ವಿಧಿಸಿದ್ದಾನೆ. ಚರಕನ ಮಾತು ಇನ್ನೂ ಮಾರ್ಮಿಕವಾಗಿದೆ. ಬುದ್ಧಿವಂತನು ರೂಢಿಯಾಗಿದ್ದರೂ ಅತಿಯಾಗಿ ಸೇವಿಸಬಾರದ ಕೆಲವನ್ನು ಆತನು ಒಂದೇ ಉಸಿರಿನಲ್ಲಿ ಎಣಿಸುವಾಗ ವ್ಯಾಯಾಮ, ನಗೆ, ಮಾತು, ದಾರಿನಡೆಗಳೊಡನೆ ರಾತ್ರಿಯ ಜಾಗರಣೆಯನ್ನೂ ಸೇರಿಸುತ್ತಾನೆ. ಅತಿಮಾಡಿದವನು ಆನೆಯನ್ನು ಎಳೆಯಹೋದ ಸಿಂಹದಂತೆ ನಾಶವಾಗುತ್ತಾನೆಂದು ಹೋಲಿಕೆ ಕೊಡುತ್ತಾನೆ. 'ರೂಢಿಯಾಗಿದ್ದರೂ' ಎಂಬ ಮಾತನ್ನು ಗಮನಿಸಬೇಕು. ಅಭ್ಯಾಸವಿಲ್ಲದವನು ಒಂದೇ ದಿನ ಅತಿಮಾಡಿ ಮಲಗುತ್ತಾನೆ; ಅವನಿಗೆ ಎಚ್ಚರಿಕೆ ಬೇಡ, ನೋವೇ ಸಾಕು. ಅಭ್ಯಾಸವಿದ್ದವನಿಗೇ ಅಪಾಯ ಹೆಚ್ಚು. ರಾತ್ರಿಯ ಓದನ್ನೂ ಬೆಳಗಿನ ಓಟವನ್ನೂ ಬೇರೆ ಬೇರೆ ಖಾತೆಗಳಲ್ಲಿ ಬರೆದಿಡುತ್ತಿದ್ದ ನಮ್ಮ ಗೃಹಿಣಿಗೆ, ಎರಡಕ್ಕೂ ಹಣ ಹೋಗುತ್ತಿದ್ದುದು ಒಂದೇ ಪೆಟ್ಟಿಗೆಯಿಂದ ಎಂಬುದು ಹೊಳೆದಿರಲಿಲ್ಲ.

ಆಯ್ದಕ್ಕಿ ಮಾರಯ್ಯ ಲಕ್ಕಮ್ಮನವರ ವೃತ್ತಾಂತವನ್ನು ಈ ಪುಟಗಳ ವಾಚಕರಿಗೆ ಹೊಸದಾಗಿ ಹೇಳಬೇಕಾಗಿಲ್ಲ. ಕಲ್ಯಾಣದಲ್ಲಿ ನೆಲಕ್ಕೆ ಬಿದ್ದ ಅಕ್ಕಿಯನ್ನು ಆಯ್ದು ತರುವುದು ಮಾರಯ್ಯನ ಕಾಯಕ. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮ ಸಂತೋಷಪಡಲಿಲ್ಲ; ಹೆಚ್ಚಾದುದನ್ನು ಬಂದಲ್ಲಿಗೇ ಸುರಿದು ಬರಲು ಹೇಳಿದಳು. ಈ ಕಥೆಯನ್ನು ಸಾಮಾನ್ಯವಾಗಿ ಧನಲೋಭಕ್ಕೆ ಅನ್ವಯಿಸಿ ಹೇಳುತ್ತಾರೆ. ಆದರೆ ಮಾರಯ್ಯನು ಕದ್ದು ತಂದಿರಲಿಲ್ಲ, ಸೋಮಾರಿಯಾಗಿರಲಿಲ್ಲ. ಕಾಯಕವನ್ನೇ ಸ್ವಲ್ಪ ಹೆಚ್ಚಾಗಿ ಮಾಡಿದ್ದನು. ಕಾಯಕದಲ್ಲಿಯೂ ಆಸೆ ಅಡಗಿ ಕೂರಬಹುದೆಂಬುದೇ ಲಕ್ಕಮ್ಮನ ಸೂಕ್ಷ್ಮದೃಷ್ಟಿ. ಐದು ಕಿಲೋಮೀಟರು ಆರೋಗ್ಯಕ್ಕೆ. ಮಿಕ್ಕ ಐದು ಯಾವುದಕ್ಕೆ ಎಂದು ಕೇಳುವ ಲಕ್ಕಮ್ಮ ಮನೆಯಲ್ಲಿ ಒಬ್ಬರಿರಬೇಕು. ಇಲ್ಲವಾದರೆ ತನ್ನೊಳಗೇ ಇರಬೇಕು.

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ಜಗತ್ತಿನಲ್ಲಿ ಹಿರಿದಾದುದನ್ನು ಸಾಧಿಸಿದವರೆಲ್ಲ ನೋವನ್ನು ಮೆಟ್ಟಿ ನಡೆದವರಲ್ಲವೇ? ಅಮೆರಿಕದ ಜೋನ್ ಬೆನಾಯ್ಟ್ ಎಂಬಾಕೆ 1984ರಲ್ಲಿ ಮೊಣಕಾಲಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹದಿನೇಳೇ ದಿನಗಳಲ್ಲಿ ಒಲಿಂಪಿಕ್ ಆಯ್ಕೆಯ ಮ್ಯಾರಥಾನ್ ಓಡಿ ಗೆದ್ದಳು. ಅದೇ ವರ್ಷದ ಆಗಸ್ಟಿನಲ್ಲಿ ಲಾಸ್ ಏಂಜಲಿಸ್‌ನಲ್ಲಿ, ಸ್ತ್ರೀಯರಿಗೆಂದು ಮೊತ್ತಮೊದಲು ಏರ್ಪಟ್ಟ ಒಲಿಂಪಿಕ್ ಮ್ಯಾರಥಾನಿನಲ್ಲಿ ಎರಡು ಗಂಟೆ 24 ನಿಮಿಷ 52 ಸೆಕೆಂಡುಗಳಲ್ಲಿ ಓಡಿ ಸುವರ್ಣಪದಕ ಪಡೆದಳು. ಇದು ಹಠದ ಗೆಲುವಲ್ಲವೇ?

ಉತ್ತರ ಎರಡು ಬಗೆಯಾಗಿದೆ. ಗೆದ್ದವರ ಕಥೆಯನ್ನು ಲೋಕ ಬರೆದಿಡುತ್ತದೆ; ಅದೇ ಹಠದಿಂದ ಓಡಿ ಕಾಲು ಕಳೆದುಕೊಂಡು ಮನೆಯಲ್ಲಿ ಕುಳಿತವರ ಕಥೆಯನ್ನು ಯಾರೂ ಬರೆಯುವುದಿಲ್ಲ. ದಡ ಸೇರಿದವರನ್ನು ಮಾತ್ರ ಕೇಳಿ ನದಿಯ ಆಳವನ್ನು ನಿರ್ಣಯಿಸಲಾಗದು. ಎರಡನೆಯದಾಗಿ, ಬೆನಾಯ್ಟ್ ತನ್ನ ನೋವನ್ನು ಬಚ್ಚಿಡಲಿಲ್ಲ; ವೈದ್ಯರ ಮುಂದೆ ಬಿಚ್ಚಿಟ್ಟು, ಅವರ ಮೇಜಿನ ಮೇಲೆ ಮಲಗಿ, ಆಮೇಲೆ ಓಡಿದಳು. ನೋವಿನೊಡನೆ ಓಡುವುದಕ್ಕೂ ನೋವನ್ನು ಮುಚ್ಚಿಟ್ಟು ಓಡುವುದಕ್ಕೂ ಬಹಳ ಅಂತರವಿದೆ.

ಹಾಗಾದರೆ ಕಾಲು ಚಾಚಿ ಕುಳಿತುಬಿಡುವುದೇ ವಿವೇಕವೋ? ಅಲ್ಲ, ವಿಷಯದ ಸ್ವಾರಸ್ಯ ಇಲ್ಲಿಯೇ ಇದೆ. ಅಮೆರಿಕದ ವೈದ್ಯ ಗೇಬ್ ಮರ್ಕಿನ್ 1978ರಲ್ಲಿ ಬರೆದ ಪುಸ್ತಕದಲ್ಲಿ, ಪೆಟ್ಟಾದ ಅಂಗಕ್ಕೆ ವಿಶ್ರಾಂತಿ, ಮಂಜುಗಡ್ಡೆ, ಬಿಗಿಪಟ್ಟಿ, ಎತ್ತರದ ಆಧಾರ ಎಂಬ ನಾಲ್ಕು ಉಪಚಾರಗಳನ್ನು ಹೇಳಿದನು. ಆ ಸೂತ್ರ ಲೋಕವನ್ನೆಲ್ಲ ವ್ಯಾಪಿಸಿತು. ಮೂರೂವರೆ ದಶಕಗಳ ಮೇಲೆ ಅದೇ ವೈದ್ಯನು, ಮಂಜುಗಡ್ಡೆಯೂ ಪೂರ್ಣವಿಶ್ರಾಂತಿಯೂ ಮಾಗುವಿಕೆಯನ್ನು ತಡಮಾಡಬಹುದೆಂದು ತನ್ನ ಸೂತ್ರವನ್ನು ತಾನೇ ತಿದ್ದಿದನು. ಜಗದ್ವಿಖ್ಯಾತವಾದ ತನ್ನ ಮಾತನ್ನು ಮುಪ್ಪಿನಲ್ಲಿ ತಿದ್ದುವುದು ಸಣ್ಣ ಸಂಗತಿಯಲ್ಲ.

ಹಿಮ್ಮಡಿಯ ರಜ್ಜುವಿಗಂತೂ ಭಾರವೇ ಔಷಧಿ. ಸ್ವೀಡನ್ನಿನ ಮೂಳೆವೈದ್ಯ ಹೋಕನ್ ಆಲ್ಫ್ರೆಡ್‌ಸನ್ ತನ್ನ ಸಂಗಡಿಗರೊಡನೆ 1998ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದನು. ದೀರ್ಘಕಾಲದಿಂದ ಹಿಮ್ಮಡಿ ನೊಂದ ಹದಿನೈದು ಮಂದಿ ಓಟಗಾರರು. ಸರಾಸರಿ ವಯಸ್ಸು ನಲವತ್ತನಾಲ್ಕು. ಮೆಟ್ಟಿಲಿನ ಅಂಚಿನಲ್ಲಿ ಮುಂಗಾಲೂರಿ ನಿಂತು, ಹಿಮ್ಮಡಿಯನ್ನು ಮೆಲ್ಲನೆ ಕೆಳಗಿಳಿಸುವುದು, ಇಷ್ಟೇ ಚಿಕಿತ್ಸೆ. ಮೊಣಕಾಲನ್ನು ನೆಟ್ಟಗಿಟ್ಟು ಹದಿನೈದರ ಮೂರು ಆವೃತ್ತಿ, ಬಾಗಿಸಿ ಹದಿನೈದರ ಮೂರು ಆವೃತ್ತಿ. ದಿನಕ್ಕೆರಡು ಸಲ, ಒಂದು ದಿನವೂ ಬಿಡದೆ ಹನ್ನೆರಡು ವಾರ. ಕೊನೆಗೆ ಹದಿನೈದು ಮಂದಿಯೂ ಓಟಕ್ಕೆ ಮರಳಿದರು. ಅನಂತರದ ಪರೀಕ್ಷೆಗಳಲ್ಲಿ ಎಲ್ಲರಿಗೂ ಅಷ್ಟು ಪೂರ್ಣವಾದ ಫಲ ದೊರೆಯಲಿಲ್ಲವಾದರೂ, ಭಾರವನ್ನು ಕ್ರಮವಾಗಿ ಹೊರಿಸುವುದೇ ಮಾರ್ಗವೆಂಬ ತತ್ತ್ವ ನಿಂತಿದೆ. 2007ರಲ್ಲಿ ಸ್ವೀಡನ್ನಿನ ಬೇರೆ ಸಂಶೋಧಕರು ಇನ್ನೊಂದು ಅಳತೆಗೋಲನ್ನು ಕೊಟ್ಟರು: ಹತ್ತರಲ್ಲಿ ಐದರಷ್ಟು ನೋವಿನವರೆಗೆ ಚಟುವಟಿಕೆ ನಡೆಯಬಹುದು, ಆದರೆ ಮರುದಿನದ ಬೆಳಗಿನ ಹೊತ್ತಿಗೆ ಆ ನೋವು ಇಳಿದಿರಬೇಕು, ವಾರದಿಂದ ವಾರಕ್ಕೆ ಏರುತ್ತಿರಬಾರದು. (ಕಾಲಿನ ಹಿಂದೆ ಯಾರೋ ಒದ್ದಂತಾಗಿ ಫಟ್ಟೆಂಬ ಸದ್ದು ಕೇಳಿಸಿದರೆ ಈ ಮಾತುಗಳಾವುವೂ ಸಲ್ಲವು, ಆಗ ಒಡನೆಯೇ ವೈದ್ಯರ ಬಳಿಗೆ ಹೋಗಬೇಕು.)

ದಿನಕ್ಕೆ ನೂರೆಂಬತ್ತು, ಹನ್ನೆರಡು ವಾರಕ್ಕೆ ಹದಿನೈದು ಸಾವಿರದ ನೂರಿಪ್ಪತ್ತು. ಜಪಸಂಖ್ಯೆಯನ್ನು ಬಲ್ಲವರಿಗೆ ಈ ಎಣಿಕೆ ಭಯ ಹುಟ್ಟಿಸುವುದಿಲ್ಲ. ಆದರೆ ಇದರಲ್ಲಿ ಓಟದ ಗಾಳಿಯಿಲ್ಲ, ಬೆವರಿನ ಹರ್ಷವಿಲ್ಲ, ನೋಡಿ ಮೆಚ್ಚುವವರಿಲ್ಲ. ಹಿತ್ತಿಲ ಮೆಟ್ಟಿಲ ಮೇಲೆ ಗೋಡೆ ಹಿಡಿದು ನಿಂತು ಇಳಿಸುವುದು, ಏರಿಸುವುದು. ನಿಷ್ಠೆಯ ಪರೀಕ್ಷೆ ಇಲ್ಲಿದೆ. ಹತ್ತು ಕಿಲೋಮೀಟರು ಓಡಬಲ್ಲವರೆಷ್ಟೋ ಮಂದಿ ಈ ಹದಿನೈದರ ಮೂರನ್ನು ನಾಲ್ಕನೆಯ ದಿನಕ್ಕೆ ಬಿಡುತ್ತಾರೆ. ಹಠವು ದೊಡ್ಡದನ್ನು ಬಯಸುತ್ತದೆ. ಸಣ್ಣದನ್ನು ದಿನವೂ ಮಾಡೆಂದರೆ ಅದಕ್ಕೆ ಬೇಸರ. ಇನ್ನು ಕೆಲವರು ಹನ್ನೆರಡು ವಾರದ್ದನ್ನು ಆರು ವಾರದಲ್ಲಿ ಮುಗಿಸುವೆನೆಂದು ನೂರೆಂಬತ್ತನ್ನು ಮುನ್ನೂರರವತ್ತು ಮಾಡಿ ಮತ್ತೆ ಕುಂಟುತ್ತಾರೆ. ಇದೂ ಹಠವೇ, ಔಷಧಿಯ ವೇಷ ಹಾಕಿದೆ, ಅಷ್ಟೆ. ಶರಣರು ಸ್ಥಾವರಕ್ಕಿಂತ ಜಂಗಮವನ್ನು ಮೇಲಿಟ್ಟರೆಂಬುದು ನಿಜ. ಆದರೆ ಕಾಲಿನ ಚಲನೆಯನ್ನೇ ಜಂಗಮತ್ವವೆಂದುಕೊಂಡು, ನಿಂತರೆ ತಾನು ಕಲ್ಲಾದೆನೆಂದು ಹೆದರುವವರು ಆ ಮಾತಿನ ಅಕ್ಷರವನ್ನು ಮಾತ್ರ ಹಿಡಿದಂತಾಯಿತು.

ಇಷ್ಟರವರೆಗೆ ದೇಹದ ಮಾತಾಯಿತು. ಇನ್ನು ಮನೆಯ ಮಾತಿಗೆ ಬರಬೇಕು. ಕಷ್ಟದ ಭಾಗ ಅದೇ. ನಮ್ಮ ಗೃಹಿಣಿ ಆರು ವಾರ ಏಕೆ ಬಾಯಿಬಿಡಲಿಲ್ಲ? ಕುಂಟುವುದನ್ನು ಕಂಡು ಕೇಳಿದವರಿಗೆ 'ಚಪ್ಪಲಿ ಕಚ್ಚಿದೆ' ಎಂದಳು. ಇದು ಸುಳ್ಳೆಂಬುದರಲ್ಲಿ ಸಂದೇಹವಿಲ್ಲ. ಶರಣಪಥದಲ್ಲಿ ನಡೆವವರಿಗೆ ಸುಳ್ಳು ಸಲ್ಲದೆಂಬುದರಲ್ಲಿಯೂ ಸಂದೇಹವಿಲ್ಲ. ಆದರೆ ಆ ಸುಳ್ಳು ಹುಟ್ಟಿದ ನೆಲವನ್ನೂ ಅಗೆದು ನೋಡಬೇಕಲ್ಲವೆ? ನೋವೆಂದು ಹೇಳಿದ ಮರುಕ್ಷಣ ಬರುವ ಮಾತು ಆಕೆಗೆ ಗೊತ್ತಿತ್ತು: 'ಈ ವಯಸ್ಸಿನಲ್ಲಿ ಓಡೆಂದು ಯಾರು ಹೇಳಿದ್ದರು?' ಅದರ ಬೆನ್ನ ಹಿಂದೆಯೇ ಇನ್ನೊಂದು: 'ಈ ವಯಸ್ಸಿನಲ್ಲಿ ಓದೆಂದು ತಾನೆ ಯಾರು ಹೇಳಿದ್ದರು?' ಓಟ ನಿಂತರೆ ಓದಿನ ಸರದಿ. ದಿನದಲ್ಲಿ ತನ್ನದೆಂಬ ನಾಲ್ಕೂವರೆ ಗಂಟೆಗಳಿಗೆ ಹಿಮ್ಮಡಿಯ ನೋವು ಸಾಕ್ಷಿ ಹೇಳಿ ಮುಟ್ಟುಗೋಲು ಹಾಕಿಸುವುದೆಂಬ ಭಯದಿಂದ ಆಕೆ ಸಾಕ್ಷಿಯನ್ನೇ ಅಡಗಿಸಿದಳು. ಅದರಿಂದ ಆರು ವಾರದ ನೋವು ಆರು ತಿಂಗಳ ನೋವಾಗುವ ಹಾದಿ ಹಿಡಿಯಿತು. ಹೊಣೆ ಆಕೆಯದು ಅರ್ಧ; ನಿಜ ಹೇಳಿದವರಿಗೆ ದಂಡ ವಿಧಿಸುವ ಮನೆಯದು ಉಳಿದರ್ಧ. ಮನೆಯ ಹಿರಿಯರು ಮೊದಲು ಕೇಳಬೇಕಾದುದು 'ಎಲ್ಲಿ ನೋಯುತ್ತದೆ' ಎಂದು. 'ಏಕೆ ಓಡಿದೆ' ಎಂದು ಕೇಳಲು ಆಮೇಲೆ ಬೇಕಾದಷ್ಟು ಹೊತ್ತಿದೆ. ಗಂಡಸೊಬ್ಬನು ನಲವತ್ತಮೂರರಲ್ಲಿ ಓಡಿ ಕಾಲು ನೋಯಿಸಿಕೊಂಡರೆ ಅದೇ ಹಿರಿಯರು ಬಿಸಿನೀರು ಕಾಯಿಸಿಕೊಡುತ್ತಾರೆಂಬುದನ್ನೂ ಇಲ್ಲಿ ಹೇಳಿಬಿಡುವುದು ಒಳ್ಳೆಯದು.

ವಿಶ್ರಾಂತಿಯೆಂಬುದು ಬಾಯಿಂದ ಹೇಳಲು ಸುಲಭ. ವೈದ್ಯರು ಚೀಟಿಯಲ್ಲಿ ಬರೆಯುತ್ತಾರೆ. ಆದರೆ ಅದು ಅಂಗಡಿಯಲ್ಲಿ ಸಿಗುವ ಪದಾರ್ಥವಲ್ಲ. ಮನೆಯಲ್ಲಿ ಒಬ್ಬರ ವಿಶ್ರಾಂತಿಯೆಂದರೆ ಇನ್ನೊಬ್ಬರ ದುಡಿಮೆ. ಬೆಳಗ್ಗೆ ಒಲೆಯ ಮುಂದೆ ಗಂಟೆಗಟ್ಟಲೆ ನಿಂತು ಜೋಳದ ರೊಟ್ಟಿ ಬಡಿಯುವುದು, ಮೇಲ್ಮಹಡಿಗೆ ಬಟ್ಟೆ ಹೊತ್ತು ಹತ್ತುವುದು, ತರಕಾರಿಗೆ ನಡೆಯುವುದು. ಓಟ ನಿಲ್ಲಿಸಿದ ಮಾತ್ರಕ್ಕೆ ಇವು ನಿಲ್ಲುವುದಿಲ್ಲ. ವಿಚಿತ್ರವೆಂದರೆ, ಓಟವನ್ನು ನಿಲ್ಲಿಸೆಂದು ಎಲ್ಲರೂ ಹೇಳುತ್ತಾರೆ. ರೊಟ್ಟಿಯನ್ನು ನಿಲ್ಲಿಸೆಂದು ಯಾರೂ ಹೇಳುವುದಿಲ್ಲ. ಕಾಯಕವು ಎಲ್ಲರಿಗೂ ಸಮಾನವೆಂದು ಸಭೆಯಲ್ಲಿ ಒಪ್ಪಿದ ಗೃಹಸ್ಥನು, ಹನ್ನೆರಡು ವಾರದ ಮಟ್ಟಿಗೆ ರೊಟ್ಟಿಯ ಹಲಗೆಯ ಮುಂದೆ ನಿಲ್ಲಬಲ್ಲನೇ ಎಂಬುದು ತತ್ತ್ವದ ಪ್ರಶ್ನೆಯೇ ಹೌದು. ಮೊದಲ ವಾರ ರೊಟ್ಟಿ ಹರಿಯುತ್ತವೆ. ಎರಡನೆಯ ವಾರ ದಪ್ಪವಾಗುತ್ತವೆ. ಮೂರನೆಯ ವಾರಕ್ಕೆ ಮಕ್ಕಳು ದೂರುವುದನ್ನು ಬಿಡುತ್ತಾರೆ.

ತರಗತಿಯಲ್ಲಿ ಬೇರೊಂದು ಕಷ್ಟ. ಜೊತೆಯ ವಿದ್ಯಾರ್ಥಿಗಳಿಗೆ ಇಪ್ಪತ್ತೆರಡು ವರ್ಷ. ಅವರಿಗೆ ಆಕೆ 'ಅಕ್ಕ'. ಟಿಪ್ಪಣಿ ಕೊಡುವವಳು, ಹಳಗನ್ನಡದ ಪದ್ಯವನ್ನು ಬಿಡಿಸಿ ಹೇಳುವವಳು, ಊಟ ತರದವರಿಗೆ ಡಬ್ಬಿ ತೆರೆಯುವವಳು. ಕುಂಟತೊಡಗಿದ ಮೇಲೆ ಒಬ್ಬ ಹುಡುಗಿ ಆಕೆಯ ಪುಸ್ತಕದ ಚೀಲವನ್ನು ಕೇಳದೆಯೇ ಎತ್ತಿಕೊಂಡು ಮೆಟ್ಟಿಲು ಹತ್ತಿದಳು. ಆ ಕ್ಷಣದಲ್ಲಿ ಆಕೆಗಾದ ಸಂಕೋಚ ನೋವಿಗಿಂತ ಹೆಚ್ಚಿನದು. ದಾಸೋಹವನ್ನು ಎಲ್ಲರೂ ಕೊಡುವ ಕಡೆಯಿಂದಲೇ ಯೋಚಿಸುತ್ತಾರೆ. ಕೊಡುವವನ ಕೈ ಮೇಲಿರುತ್ತದೆ. ಅಲ್ಲಿ ಅಹಂಕಾರಕ್ಕೆ ಕುಳಿತುಕೊಳ್ಳಲು ಸ್ವಲ್ಪ ಜಾಗ ಉಳಿದೇ ಇರುತ್ತದೆ. ತೆಗೆದುಕೊಳ್ಳುವಾಗ ಆ ಜಾಗವೂ ಹೋಗುತ್ತದೆ. 'ಬೇಡ, ನಾನೇ ತರುತ್ತೇನೆ' ಎಂಬ ಮಾತು ವಿನಯದಂತೆ ಕೇಳಿಸಿದರೂ ಎಷ್ಟೋ ಸಲ ಹಠದ ಇನ್ನೊಂದು ಧ್ವನಿ.

ಇಂಥ ಹೊತ್ತಿನಲ್ಲಿ ಸಮಾಧಾನ ಹೇಳುವವರು ಬರುತ್ತಾರೆ: 'ಎಲ್ಲ ಒಳ್ಳೆಯದಕ್ಕೇ, ಕಾಲು ನಿಂತದ್ದರಿಂದ ಓದಿಗೆ ಬಿಡುವಾಯಿತು.' ಈ ಮಾತು ಸದುದ್ದೇಶದ್ದಾದರೂ ಪರೀಕ್ಷಿಸದೆ ಒಪ್ಪತಕ್ಕದ್ದಲ್ಲ. ಗಣಕಯಂತ್ರಶಾಸ್ತ್ರದ ಮೂಲಪುರುಷರಲ್ಲೊಬ್ಬನಾದ ಅಲನ್ ಟ್ಯೂರಿಂಗ್ ಉತ್ತಮ ಓಟಗಾರನಾಗಿದ್ದನೆಂಬುದು ಬಹುಜನರಿಗೆ ತಿಳಿಯದು. 1947ರ ಆಗಸ್ಟಿನಲ್ಲಿ ಇಂಗ್ಲೆಂಡಿನ ಹವ್ಯಾಸಿಗಳ ಮ್ಯಾರಥಾನಿನಲ್ಲಿ 2 ಗಂಟೆ 46 ನಿಮಿಷ 3 ಸೆಕೆಂಡುಗಳಲ್ಲಿ ಓಡಿ ಐದನೆಯವನಾದನು. ಮರುವರ್ಷ ಲಂಡನ್ ಒಲಿಂಪಿಕ್ಸಿನ ಮ್ಯಾರಥಾನ್ ಗೆದ್ದವನ ಕಾಲಕ್ಕೂ ಇದಕ್ಕೂ ಅಂತರ ಹನ್ನೊಂದು ನಿಮಿಷ ಮಾತ್ರ. ಅದೇ ಶರತ್ಕಾಲದಲ್ಲಿ ಪ್ರಯೋಗಾಲಯದ ಉದ್ಯೋಗದಿಂದ ಒಂದು ವರ್ಷದ ಬಿಡುವು ಪಡೆದು, ಮೂವತ್ತೈದರ ವಯಸ್ಸಿನಲ್ಲಿ ಕೇಂಬ್ರಿಜ್‌ಗೆ ಮರಳಿ, ತನ್ನದಲ್ಲದ ಶರೀರಶಾಸ್ತ್ರ ನರಶಾಸ್ತ್ರಗಳನ್ನು ವಿದ್ಯಾರ್ಥಿಯಂತೆ ಓದಿದನು. ಪೆಟ್ಟೊಂದು ಆತನ ಒಲಿಂಪಿಕ್ ಆಸೆಯನ್ನು ಕೆಡಿಸಿತು. 1948ರಲ್ಲಿ, ಯಂತ್ರವನ್ನು ಶಿಶುವಿನಂತೆ ಕಲಿಸಿ ಬೆಳೆಸಬಹುದೇ ಎಂಬ ವಿಚಾರವಾಗಿ ಗಹನವಾದ ಪ್ರಬಂಧವೊಂದನ್ನು ಬರೆದನು. ಈ ನಾಲ್ಕು ಸಂಗತಿಗಳನ್ನು ಪೋಣಿಸಿ, ಕಾಲು ಕೆಟ್ಟುದರಿಂದಲೇ ಪ್ರಬಂಧ ಹುಟ್ಟಿತೆಂದು ಕಥೆ ಕಟ್ಟುವುದು ಕಷ್ಟವಲ್ಲ. ಆದರೆ ಅದಕ್ಕೆ ಆಧಾರವಿಲ್ಲ. ಕಾಲು ನೆಟ್ಟಗಿದ್ದಾಗಲೂ ಆತನು ಬರೆಯುತ್ತಿದ್ದನು, ಓಡುತ್ತಲೂ ಇದ್ದನು. ಪೆಟ್ಟಿಗೆ ಗುರುಪದವಿ ಕೊಡಬೇಕಾದ ಅಗತ್ಯವಿಲ್ಲ. ಅದು ಬಂದುದು ಏಕೆಂಬುದಕ್ಕೆ ಶರೀರದಲ್ಲಿ ಕಾರಣವುಂಟು, ಪ್ರಯೋಜನವಿಲ್ಲ. ನಷ್ಟವನ್ನು ನಷ್ಟವೆಂದೇ ಕರೆದು, ಅದರೊಡನೆ ಬಾಳುವುದರಲ್ಲಿ ಒಂದು ಪ್ರಾಮಾಣಿಕತೆಯಿದೆ. ನೋವಿನ ದಿನಗಳಲ್ಲಿ ಓದು ಹೆಚ್ಚಾಗುತ್ತದೆಂಬುದೂ ಅನುಭವಕ್ಕೆ ದೂರವಾದ ಮಾತು; ನೊಂದ ಕಾಲು ಪುಟಪುಟಕ್ಕೂ ತನ್ನ ಕಡೆಗೆ ಕರೆಯುತ್ತಿರುತ್ತದೆ.

ನಮ್ಮ ಗೃಹಿಣಿಗೆ ಆ ಅರ್ಧವರ್ಷದ ಪರೀಕ್ಷೆಯಲ್ಲಿ ಒಂದು ಪತ್ರಿಕೆ ಕಡಿಮೆಯೇ ಆಯಿತು. ಹಿತ್ತಿಲ ಮೆಟ್ಟಿಲ ಮೇಲಿನ ಎಣಿಕೆ ನಡೆಯಿತು. ಎರಡು ದಿನ ಜ್ವರದಿಂದ ತಪ್ಪಿತು, ಮೂರನೆಯ ದಿನ ತಪ್ಪಿದ್ದನ್ನು ಸೇರಿಸಿ ತುಂಬಿಸುವ ಆಸೆಯನ್ನು ಬಿಟ್ಟು ಅಂದಿನದನ್ನು ಅಂದಿಗೆ ಮಾಡಿದಳು. ಚೀಲವನ್ನು ಹುಡುಗಿಯೇ ಹೊತ್ತಳು. ಅದಕ್ಕೆ ಪ್ರತಿಯಾಗಿ ಏನನ್ನಾದರೂ ಕೊಡಬೇಕೆಂಬ ಆತುರವೂ ಕ್ರಮೇಣ ತಗ್ಗಿತು. ಹದಿಮೂರನೆಯ ವಾರ, ಒಂದು ನಿಮಿಷ ಓಟ ಎರಡು ನಿಮಿಷ ನಡಿಗೆ, ಹೀಗೆ ಹತ್ತು ಸುತ್ತು ಮಾಡಲು ವೈದ್ಯರ ಅಪ್ಪಣೆಯಾಯಿತು. ಬಡಾವಣೆಯ ಉದ್ಯಾನದ ಸುತ್ತ ಏಳನೆಯ ಸುತ್ತಿನಲ್ಲಿ ಹಿಮ್ಮಡಿ ಕೊಂಚ ಬಿಗಿಯಿತು. ಇನ್ನು ಮೂರೇ ಸುತ್ತು ಉಳಿದಿದ್ದವು. ಆಕೆ ಓಟ ಬಿಟ್ಟು ನಡೆಯುತ್ತ ಮನೆಗೆ ಬಂದಳು; ಒಲೆಯ ಮುಂದೆ ರೊಟ್ಟಿ ತಿರುವುತ್ತಿದ್ದವನಿಗೆ, ಏಳನೆಯದರಲ್ಲಿ ಬಿಗಿಯಿತೆಂದು ಹೇಳಿದಳು; ಸ್ನಾನಕ್ಕೆ ನೀರು ಹದಮಾಡಿಕೊಂಡು, ಎಂಟೂವರೆಯ ಬಸ್ಸಿಗೆ ಹೊರಟಳು.